ಪುಣೆಯಲ್ಲಿ ಸಂಧಿಪಾಠ

ಪುಣೆಯ ಪಡುವಣ ಭಾಗದಲ್ಲಿ ಲಾ ಕಾಲೇಜು ರಸ್ತೆಯೆಂಬ ಬೀದಿಯೊಂದುಂಟು. ಅದರ ಒಂದು ಮಗ್ಗುಲಿಗೆ ಹನುಮಾನ್ ಟೇಕಡಿ ಎಂಬ ಗುಡ್ಡ. ಇನ್ನೊಂದು ಮಗ್ಗುಲಿಗೆ ಹಳೆಯ ಬಡಾವಣೆಗಳ ಮನೆಗಳು. 1924ರಲ್ಲಿ ಸ್ಥಾಪಿತವಾದ ಕಾನೂನಿನ ಕಾಲೇಜಿನಿಂದ ರಸ್ತೆಗೆ ಈ ಹೆಸರು ಬಂದಿತು. ಆದರೆ ಸಂಸ್ಕೃತವನ್ನು ಅಷ್ಟಿಷ್ಟು ಓದಿದವರು ಈ ರಸ್ತೆಯನ್ನು ನೆನೆಯುವುದು ಬೇರೊಂದು ಕಾರಣದಿಂದ. 1917ರಲ್ಲಿ ಸ್ಥಾಪಿತವಾದ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರವು ಇಲ್ಲಿಯೇ ಇದೆ. ಮಹಾಭಾರತದ ಹಸ್ತಪ್ರತಿಗಳನ್ನು ದೇಶದ ನಾನಾ ಮೂಲೆಗಳಿಂದ ಸಂಗ್ರಹಿಸಿ, ಒಂದೊಂದು ಶ್ಲೋಕವನ್ನೂ ತಾಳೆನೋಡಿ, ಪರಿಷ್ಕೃತ ಪಾಠವೊಂದನ್ನು ಸಿದ್ಧಪಡಿಸುವ ಕಾರ್ಯವು 1919ರಲ್ಲಿ ಇಲ್ಲಿ ಮೊದಲಾಗಿ 1966ರಲ್ಲಿ ಪೂರ್ಣವಾಯಿತು. ವಿಷ್ಣು ಸೀತಾರಾಮ ಸುಕ್ಥಣಕರರು 1925ರಿಂದ ಮೊದಲ್ಗೊಂಡು 1943ರಲ್ಲಿ ತೀರಿಕೊಳ್ಳುವವರೆಗೆ ಅದರ ಪ್ರಧಾನ ಸಂಪಾದಕರಾಗಿದ್ದರು.

ಇದೇ ರಸ್ತೆಯಲ್ಲಿ, ಕಾಲ್ನಡಿಗೆಯ ದೂರದಲ್ಲಿ, ಮತ್ತೊಂದು ವಿದ್ಯಾಸ್ಥಾನವಿದೆ. ಅದು ಭಾರತೀಯ ಚಲಚ್ಚಿತ್ರ ಮತ್ತು ದೂರದರ್ಶನ ಸಂಸ್ಥೆ. ಅಲ್ಲಿಯೂ ತುಂಡುತುಂಡಾದ ಸಾಮಗ್ರಿಯನ್ನು ಮುಂದಿಟ್ಟುಕೊಂಡು, ಯಾವುದನ್ನು ಇಡಬೇಕು, ಯಾವುದನ್ನು ಬಿಡಬೇಕು, ಯಾವುದರ ಮುಂದೆ ಯಾವುದು ಬರಬೇಕು ಎಂದು ಅಭ್ಯಾಸ ಮಾಡುವವರಿದ್ದಾರೆ. ಇವೆರಡು ಮಂದಿರಗಳು ಒಂದೇ ಬೀದಿಯಲ್ಲಿರುವುದು ಆಕಸ್ಮಿಕವೇ ಸರಿ. ಆದರೂ ಅಲ್ಲಿ ನಾಲ್ಕು ದಿನ ನಿಂತು ಕಂಡ ಮೇಲೆ, ಎರಡಕ್ಕೂ ಹತ್ತಿರದ ನಂಟುಂಟೆಂದು ನಮಗೆ ತೋರಿತು.

ನಾವು ಮಳೆಗಾಲದಲ್ಲಿ ಪುಣೆಗೆ ಹೊರಟದ್ದು ತೀರ್ಥಯಾತ್ರೆಗಾಗಿಯೂ ಅಲ್ಲ, ವಿಹಾರಕ್ಕಾಗಿಯೂ ಅಲ್ಲ. ನಮ್ಮ ತಮ್ಮನ ಮಗಳು ಬಿ.ಎ. ಪರೀಕ್ಷೆಯಲ್ಲಿ ಒಳ್ಳೆಯ ಅಂಕಗಳನ್ನು ಪಡೆದು, ಮನೆಯವರೆಲ್ಲರೂ ಇನ್ನು ಉಪಾಧ್ಯಾಯಿನಿಯಾಗುವಳೆಂದು ನಂಬಿದ್ದಾಗ, ಪುಣೆಯ ಕಾಲೇಜೊಂದರಲ್ಲಿ ಮಾಧ್ಯಮ ಶಿಕ್ಷಣಕ್ಕೆ ಸೇರಿಕೊಂಡಳು. ಒಂದು ವರ್ಷ ಕಳೆಯಿತು. ಎರಡನೆಯ ವರ್ಷದ ಶುಲ್ಕವನ್ನು ಕಟ್ಟುವ ಸಮಯ ಬಂದಾಗ ತಮ್ಮನಿಗೆ ಸಂಶಯ ಹುಟ್ಟಿತು. “ಅಣ್ಣಾ, ಫೋನಿನಲ್ಲಿ ಕೇಳಿದರೆ ಬಾಗಿಲು ತೆರೆಯುವುದನ್ನು ಕಲಿಯುತ್ತಿದ್ದೇನೆ, ಕುರ್ಚಿಯ ಮೇಲೆ ಕೂರುವುದನ್ನು ಕಲಿಯುತ್ತಿದ್ದೇನೆ ಎನ್ನುತ್ತಾಳೆ. ಇದಕ್ಕೆ ಶುಲ್ಕ ಬೇರೆ. ಇದು ವಿದ್ಯೆಯೋ ಆಟವೋ ನೀನೇ ಒಮ್ಮೆ ನೋಡಿ ಬಾ. ನೀನು ಹೇಳಿದಂತೆ ಮಾಡುತ್ತೇನೆ” ಎಂದನು. ಮಗುವಿನ ಮುಂದಿನ ಬಾಳಿನ ಪ್ರಶ್ನೆಯಾದ್ದರಿಂದ, ಮಾತಿನಲ್ಲಿ ತೀರ್ಪು ಕೊಡದೆ ಕಣ್ಣಿನಿಂದ ಕಂಡು ಬರುವುದೇ ಉಚಿತವೆಂದು ನಾವು ಧಾರವಾಡದಲ್ಲಿ ರಾತ್ರಿಯ ಗಾಡಿಯನ್ನು ಹತ್ತಿದೆವು.

ಬೆಳಗಾವಿಯನ್ನು ದಾಟಿದ ಗಾಡಿಯು ಮೀರಜ ಮಾರ್ಗವಾಗಿ ಹೋಗುತ್ತದೆ. ಮೀರಜದಿಂದ ಪಡುವಣಕ್ಕೆ ಕವಲೊಡೆಯುವ ಹಳಿ ಕೊಲ್ಹಾಪುರದ್ದು. ನಾವು ಕಾಣಹೊರಟ ಚಿತ್ರಶಾಲೆಯ ಕಥೆಯ ಮೊದಲೂ ಆ ಕೊಲ್ಹಾಪುರದಲ್ಲಿಯೇ ಇದೆ. 1929ರಲ್ಲಿ ಶಾಂತಾರಾಮ, ದಾಮ್ಲೆ, ಫತ್ತೇಲಾಲ ಮೊದಲಾದ ಐವರು ಸೇರಿ ಅಲ್ಲಿ ಪ್ರಭಾತ್ ಎಂಬ ಚಿತ್ರಸಂಸ್ಥೆಯನ್ನು ಕಟ್ಟಿದರು. 1933ರಲ್ಲಿ ಅದು ಪುಣೆಗೆ ಬಂದಿತು. ದಾಮ್ಲೆ ಮತ್ತು ಫತ್ತೇಲಾಲರು 1936ರಲ್ಲಿ ನಿರ್ದೇಶಿಸಿದ ‘ಸಂತ ತುಕಾರಾಮ’ ಚಿತ್ರವು ಮಾರನೆಯ ವರ್ಷ ಇಟಲಿಯ ವೆನಿಸ್ ನಗರದ ಚಿತ್ರೋತ್ಸವದಲ್ಲಿ ಮನ್ನಣೆ ಪಡೆಯಿತು. ಸಂಸ್ಥೆಯು ಮುಚ್ಚಿಹೋದ ತರುವಾಯ, 1960ರಲ್ಲಿ ಭಾರತ ಸರ್ಕಾರವು ಅದರ ಆವರಣದಲ್ಲಿಯೇ ಚಲಚ್ಚಿತ್ರ ಶಿಕ್ಷಣ ಸಂಸ್ಥೆಯನ್ನು ತೆರೆಯಿತು. ಸಮೀಪದ ಪ್ರಭಾತ್ ರಸ್ತೆಯು ಇಂದಿಗೂ ಹಳೆಯ ಹೆಸರನ್ನು ಉಳಿಸಿಕೊಂಡಿದೆ.

ಮಗಳು ಓದುವುದು ಬೇರೆ ಕಾಲೇಜಿನಲ್ಲಿ. ಆದರೂ ಪುಣೆಯಲ್ಲಿ ಈ ವಿದ್ಯೆಯನ್ನು ಕಲಿಯುವವರಿಗೆಲ್ಲ ಈ ಆವರಣವು ಗುರುಮನೆಯಿದ್ದಂತೆ. ಅವಳು ನಮ್ಮನ್ನು ಮೊದಲು ಅಲ್ಲಿಗೇ ಕರೆದೊಯ್ದಳು. ಪ್ರಭಾತದವರು ಕಟ್ಟಿಸಿದ ಎತ್ತರದ ಚಿತ್ರಶಾಲೆಯೂ, ಹಳೆಯ ಸಲಕರಣೆಗಳನ್ನಿಟ್ಟಿರುವ ಸಂಗ್ರಹಾಲಯವೂ, ವಿದ್ಯಾರ್ಥಿಗಳು ಕೂತು ಚರ್ಚಿಸುವ ಒಂದು ಮಾವಿನ ಮರವೂ ಅಲ್ಲಿ ನೋಡತಕ್ಕವು. ಬಂಗಾಳದ ಋತ್ವಿಕ್ ಘಟಕರು 1960ರ ದಶಕದಲ್ಲಿ ಇಲ್ಲಿ ಅಧ್ಯಾಪಕರಾಗಿದ್ದಾಗ ಆ ಮರದ ಕೆಳಗೆ ಪಾಠ ಹೇಳುತ್ತಿದ್ದರೆಂಬ ಮಾತುಂಟು. ಕನ್ನಡಿಗರಿಗೂ ಈ ಸ್ಥಳ ಪರಕೀಯವಲ್ಲ. ನಮ್ಮ ಧಾರವಾಡದಲ್ಲಿ ಓದಿದ ಗಿರೀಶ ಕಾರ್ನಾಡರು 1974-75ರಲ್ಲಿ ಈ ಸಂಸ್ಥೆಯ ನಿರ್ದೇಶಕರಾಗಿದ್ದರು. 1977ರಲ್ಲಿ ‘ಘಟಶ್ರಾದ್ಧ’ವನ್ನು ತೆಗೆದು ರಾಷ್ಟ್ರದ ಸ್ವರ್ಣಕಮಲವನ್ನು ಪಡೆದ ಗಿರೀಶ ಕಾಸರವಳ್ಳಿಯವರು ಇಲ್ಲಿಯೇ ಕಲಿತವರು. ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್ತರು 1944ರಲ್ಲಿ, ಇದು ಇನ್ನೂ ಪ್ರಭಾತ್ ಆಗಿದ್ದಾಗ, ಇಲ್ಲಿ ಕೆಲಸಕ್ಕೆ ಸೇರಿದರು. ಮುಂದೆ ಅವರ ಚಿತ್ರಗಳಿಗೆ ಛಾಯಾಗ್ರಾಹಕರಾದ ಮೈಸೂರಿನ ವಿ. ಕೆ. ಮೂರ್ತಿಯವರು ಈ ವಿದ್ಯೆಯನ್ನು ಶಾಲೆಯಲ್ಲಿ ಓದಿಯೇ ಕಲಿತರು. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕು ಅವರ ಶಾಲೆ.

ಇನ್ನು ಬಾಗಿಲು ಮತ್ತು ಕುರ್ಚಿಗಳ ವಿಷಯ. ಮಗಳು ಇನ್ನಿಬ್ಬರು ಹುಡುಗಿಯರೊಡನೆ ಬಾಡಿಗೆಗೆ ಹಿಡಿದಿದ್ದ ಕೋಣೆಯು ಆ ರಸ್ತೆಯ ಒಂದು ಓಣಿಯಲ್ಲಿತ್ತು. ಅಧ್ಯಾಪಕರು ಕೊಟ್ಟಿದ್ದ ಅಭ್ಯಾಸ ಹೀಗಿತ್ತು: ಒಬ್ಬಳು ಹೊರಗಿನಿಂದ ಬಂದು ಬಾಗಿಲನ್ನು ತೆರೆಯಬೇಕು; ಕೋಣೆಯನ್ನು ದಾಟಿ ಇನ್ನೊಬ್ಬಳ ಎದುರಿಗೆ ಕುಳಿತುಕೊಳ್ಳಬೇಕು; ಇಬ್ಬರೂ ನಾಲ್ಕು ಮಾತನಾಡಬೇಕು. ಇಷ್ಟನ್ನು ಹಲವು ತುಂಡುಗಳಾಗಿ ಚಿತ್ರಿಸಿ, ನೋಡುವವರಿಗೆ ತುಂಡು ಎಂಬ ಭಾವನೆಯೇ ಬಾರದಂತೆ ಜೋಡಿಸಬೇಕು. ಇದಕ್ಕೆ ಅವರು ಕಂಟಿನ್ಯುಯಿಟಿ ಎನ್ನುತ್ತಾರೆ. ನಾವು ಅನುಸ್ಯೂತಿ ಎನ್ನಬಹುದು. ಅನುಸ್ಯೂತವೆಂದರೆ ಒಂದೇ ದಾರದಿಂದ ಹೊಲಿಯಲ್ಪಟ್ಟದ್ದು.

ಇದರಲ್ಲಿ ಕಲಿಯುವುದೇನಿದೆ ಎಂದು ವಾಚಕರು ಕೇಳಬಹುದು. ಹಿಂದೆ ದೊಡ್ಡ ದೊಡ್ಡ ಚಿತ್ರಕಾರರಿಗೂ ಇದು ತಿಳಿದಿರಲಿಲ್ಲವೆಂಬುದೇ ಅದಕ್ಕೆ ಉತ್ತರ. 1903ರಲ್ಲಿ ಅಮೆರಿಕೆಯ ಎಡ್ವಿನ್ ಪೋರ್ಟರ್ ಎಂಬವನು ಬೆಂಕಿ ಆರಿಸುವವರ ಬಾಳನ್ನು ಕುರಿತು ಒಂದು ಚಿತ್ರವನ್ನು ತೆಗೆದನು. ಅದರಲ್ಲಿ ಉರಿಯುತ್ತಿರುವ ಮನೆಯಿಂದ ತಾಯಿಯನ್ನೂ ಮಗುವನ್ನೂ ಪಾರುಮಾಡುವ ಸಂಗತಿಯನ್ನು ಮೊದಲು ಮನೆಯ ಒಳಗಿನಿಂದ ಪೂರ್ತಿಯಾಗಿ ತೋರಿಸುತ್ತಾನೆ. ಆಮೇಲೆ ಅದೇ ಸಂಗತಿಯನ್ನು ಹೊರಗಿನಿಂದ ಮತ್ತೊಮ್ಮೆ ಮೊದಲಿನಿಂದ ತೋರಿಸುತ್ತಾನೆ. ಒಳಗಿನ ಚಿತ್ರವನ್ನೂ ಹೊರಗಿನ ಚಿತ್ರವನ್ನೂ ನಡುನಡುವೆ ಬೆರೆಸಿ ಒಂದೇ ಘಟನೆಯಾಗಿ ಹೇಳಬಹುದೆಂಬುದು ಕ್ರಮೇಣ ಜನ ಕಂಡುಕೊಂಡದ್ದು. 1919ರಲ್ಲಿ ಮಾಸ್ಕೋ ನಗರದಲ್ಲಿ ಚಲಚ್ಚಿತ್ರ ಶಾಲೆಯೊಂದು ಹುಟ್ಟಿತು. ಅಲ್ಲಿ ಬೋಧಿಸುತ್ತಿದ್ದ ಕುಲೆಷೋವ್ ಎಂಬವನು ಬೇರೆ ಬೇರೆ ಸ್ಥಳಗಳಲ್ಲಿ ತೆಗೆದ ತುಂಡುಗಳನ್ನು ಜೋಡಿಸಿ, ಎಲ್ಲವೂ ಒಂದೇ ಊರಿನಲ್ಲಿ ನಡೆದಂತೆ ತೋರಿಸಿದನು. ಜೋಡಿಸುವ ಕೈಗೆ ಎಂತಹ ಶಕ್ತಿಯುಂಟೆಂಬುದು ಆಗ ಲೋಕಕ್ಕೆ ತಿಳಿಯಿತು.

ಹುಡುಗಿಯರು ಕಲ್ಪಿಸಿಕೊಂಡಿದ್ದ ಪ್ರಸಂಗ ನಮ್ಮ ಮನೆಗಳಲ್ಲಿ ನಡೆಯುವಂಥದೇ. ಅಕ್ಕನು ಮೊರದಲ್ಲಿ ಅಕ್ಕಿಯನ್ನು ಹಾಕಿಕೊಂಡು ಕಲ್ಲು ಆರಿಸುತ್ತ ಕುಳಿತಿದ್ದಾಳೆ. ತಂಗಿಯು ನೆನೆದ ಕೊಡೆಯನ್ನು ಹಿಡಿದು ಹೊರಗಿನಿಂದ ಬರುತ್ತಾಳೆ. ಕೈಯಲ್ಲಿ ಒಂದು ಕಾಗದವಿದೆ. “ಬಂತೇ?” “ಬಂತು.” “ಏನೆಂದು ಬರೆದಿದ್ದಾರೆ?” “ನೀನೇ ಓದು.” ಇಷ್ಟೇ ಮಾತು. ಒಂದೂವರೆ ನಿಮಿಷದ ಈ ಪ್ರಸಂಗಕ್ಕೆ ಬೆಳಗಿನ ಎಂಟು ಗಂಟೆಯಿಂದ ಮಧ್ಯಾಹ್ನ ಎರಡರವರೆಗೆ ಸಮಯ ಹಿಡಿಯಿತು.

ನಾವು ಮೂಲೆಯಲ್ಲಿ ಕುಳಿತು ನೋಡಿದೆವು. ಮೊದಲು ತಿಳಿದ ವಿಷಯವೇನೆಂದರೆ, ಚಿತ್ರವನ್ನು ಕಥೆಯ ಕ್ರಮದಲ್ಲಿ ತೆಗೆಯುವುದಿಲ್ಲ. ಕ್ಯಾಮೆರಾ ಬಾಗಿಲ ಕಡೆಗೆ ತಿರುಗಿರುವಾಗ ಬಾಗಿಲಿನ ಕಡೆಯ ಎಲ್ಲ ತುಂಡುಗಳನ್ನೂ ಮುಗಿಸಿಕೊಂಡು, ಆಮೇಲೆ ಕುರ್ಚಿಯ ಕಡೆಗೆ ತಿರುಗಿಸುತ್ತಾರೆ. ಆದ್ದರಿಂದ ಕಥೆಯಲ್ಲಿ ಒಂದು ಕ್ಷಣದ ಅಂತರವಿರುವ ಎರಡು ಚಿತ್ರಗಳ ನಡುವೆ ನಿಜವಾಗಿ ಮೂರು ಗಂಟೆ ಕಳೆದಿರಬಹುದು. ಕೊಡೆ ಯಾವ ಕೈಯಲ್ಲಿತ್ತು, ಅದು ಒಣಗಿಹೋಯಿತೇ, ಸೆರಗು ಯಾವ ಕಡೆಗೆ ಸರಿದಿತ್ತು, ಮೊರದಲ್ಲಿ ಅಕ್ಕಿ ಎಷ್ಟಿತ್ತು, ಯಾವ ಮಾತಿಗೆ ತಲೆಯೆತ್ತಿದಳು, ಇವೆಲ್ಲವನ್ನೂ ಒಬ್ಬಳು ಪುಸ್ತಕದಲ್ಲಿ ಬರೆದಿಡುತ್ತಿದ್ದಳು. ಕೊಡೆಗೆ ಪ್ರತಿ ಸಲವೂ ಚೊಂಬಿನಿಂದ ನೀರು ಚಿಮುಕಿಸುತ್ತಿದ್ದರು. ದೊಡ್ಡ ಚಿತ್ರಗಳಲ್ಲಿ ಈ ಲೆಕ್ಕ ಬರೆಯುವುದಕ್ಕೆಂದೇ ಒಬ್ಬ ಅಧಿಕಾರಿ ಇರುತ್ತಾನಂತೆ.

ಎರಡನೆಯದು ರೇಖೆಯ ನಿಯಮ. ಎದುರುಬದುರಾಗಿ ಕುಳಿತ ಇಬ್ಬರ ನಡುವೆ ಒಂದು ದಾರವನ್ನು ಎಳೆದಂತೆ ಭಾವಿಸಬೇಕು. ಕ್ಯಾಮೆರಾ ಆ ದಾರದ ಒಂದೇ ಮಗ್ಗುಲಿನಲ್ಲಿ ಎಲ್ಲಿ ಬೇಕಾದರೂ ನಿಲ್ಲಬಹುದು. ಆದರೆ ದಾರವನ್ನು ದಾಟಬಾರದು. ದಾಟಿದರೆ ತೆರೆಯ ಮೇಲೆ ಇಬ್ಬರೂ ಒಂದೇ ದಿಕ್ಕಿಗೆ ಮುಖ ಮಾಡಿದಂತೆ ಕಂಡು, ಮಾತು ಪರಸ್ಪರ ಆಡಿದಂತೆಯೇ ತೋರುವುದಿಲ್ಲ. ಮಗಳು ನಮಗಾಗಿ ಬೇಕೆಂದೇ ಒಮ್ಮೆ ದಾಟಿ ತೋರಿಸಿದಳು. ಅಕ್ಕತಂಗಿಯರು ಜಗಳವಾಡಿ ಮುಖ ತಿರುಗಿಸಿದವರಂತೆ ಕಂಡರು. ಒಬ್ಬಳನ್ನೇ ಎರಡು ತುಂಡುಗಳಲ್ಲಿ ತೋರಿಸುವಾಗ ಕ್ಯಾಮೆರಾ ಕನಿಷ್ಠ 30 ಅಂಶವಾದರೂ ಪಕ್ಕಕ್ಕೆ ಸರಿಯಬೇಕು. ಇಲ್ಲದಿದ್ದರೆ ಚಿತ್ರವು ಎಡವಿದಂತಾಗುತ್ತದೆ ಎಂಬುದು ಇದರ ಜೊತೆಯ ನಿಯಮ.

ಇಂತಹ ಕಟ್ಟುಪಾಡು ನಮ್ಮವರಿಗೆ ಹೊಸದಲ್ಲ. ಭರತಮುನಿಯ ನಾಟ್ಯಶಾಸ್ತ್ರದಲ್ಲಿ ಕಕ್ಷ್ಯಾವಿಭಾಗವೆಂಬ ಪ್ರಕರಣವಿದೆ. ರಂಗದ ಮೇಲೆ ಮೊದಲು ಪ್ರವೇಶಿಸಿದವರು ಮನೆಯೊಳಗಿನವರು, ಅನಂತರ ಬಂದವರು ಹೊರಗಿನವರು, ಒಂದು ಸುತ್ತು ತಿರುಗಿದರೆ ಸ್ಥಳ ಬದಲಾಯಿತು ಎಂಬ ಸಂಕೇತಗಳನ್ನು ಅಲ್ಲಿ ಹೇಳಿದ್ದಾನೆ. ಯಕ್ಷಗಾನದಲ್ಲಿ ವೇಷಧಾರಿಯು ರಂಗದಲ್ಲಿ ಸುತ್ತು ಬಂದರೆ ಒಂದು ಊರಿನಿಂದ ಇನ್ನೊಂದಕ್ಕೆ ಹೋದನೆಂದು ನಮ್ಮ ಹಳ್ಳಿಯ ಮಕ್ಕಳಿಗೂ ಗೊತ್ತು. ನೋಡುವವನಿಗೆ ದಿಕ್ಕು ತಪ್ಪಬಾರದೆಂಬುದೇ ಎಲ್ಲ ಕಡೆಗೂ ಉದ್ದೇಶ.

ಮೂರನೆಯದು ಚಲನೆಯಲ್ಲಿ ಕತ್ತರಿಸುವುದು. ತಂಗಿಯು ಅಗಳಿಯನ್ನು ಸರಿಸಿ ಬಾಗಿಲನ್ನು ತಳ್ಳುವ ಕ್ರಿಯೆಯನ್ನು ಹೊರಗಿನಿಂದಲೂ ಪೂರ್ತಿ ತೆಗೆದರು. ಒಳಗಿನಿಂದಲೂ ಪೂರ್ತಿ ತೆಗೆದರು. ಜೋಡಿಸುವಾಗ ಬಾಗಿಲು ಅರ್ಧ ತೆರೆದ ಕ್ಷಣದಲ್ಲಿ ಹೊರಗಿನ ಚಿತ್ರವನ್ನು ನಿಲ್ಲಿಸಿ, ಅಲ್ಲಿಂದಲೇ ಒಳಗಿನ ಚಿತ್ರವನ್ನು ಮುಂದುವರಿಸಿದರು. ಕಣ್ಣು ಬಾಗಿಲಿನ ಚಲನೆಯನ್ನು ಹಿಂಬಾಲಿಸುತ್ತಿರುವುದರಿಂದ ಜೋಡಣೆಯ ಗೆರೆ ಕಾಣುವುದೇ ಇಲ್ಲ. ಚಿತ್ರವು ಒಂದು ಸೆಕೆಂಡಿಗೆ 24ರಂತೆ ಓಡುತ್ತದೆ. ಹಿಂದೆ ಫಿಲ್ಮಿನ ಸುರುಳಿಯಿದ್ದಾಗ ಒಂದು ಅಡಿಗೆ 16 ಚಿತ್ರ, ಒಂದು ನಿಮಿಷಕ್ಕೆ 90 ಅಡಿ. ಅದನ್ನು ಕೈಯಿಂದ ಕತ್ತರಿಸಿ ಅಂಟಿಸುತ್ತಿದ್ದರು. ಈಗ ಕಂಪ್ಯೂಟರಿನಲ್ಲಿ ಮಾಡುತ್ತಾರೆ. ಸಲಕರಣೆ ಬದಲಾಗಿದೆ, ಎರಡು ಚಿತ್ರ ಹೆಚ್ಚೇ, ಮೂರು ಕಡಮೆಯೇ ಎಂಬ ವಿಚಾರ ಬದಲಾಗಿಲ್ಲ.

ಸಂಜೆ ಮಗಳ ಪಕ್ಕದಲ್ಲಿ ಕುಳಿತು ಜೋಡಣೆಯನ್ನು ನೋಡುತ್ತಿದ್ದಾಗ, ನಾವು ಮೂವತ್ತು ವರ್ಷ ಮಕ್ಕಳಿಗೆ ಹೇಳಿಕೊಟ್ಟ ಪಾಠವೇ ಕಣ್ಣ ಮುಂದೆ ನಡೆಯುತ್ತಿದೆಯೆಂದು ಅನಿಸಿತು. ಪದಗಳು ಸೇರಿ ವಾಕ್ಯವಾಗುವುದಕ್ಕೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಬೇಕೆಂದು ನಮ್ಮ ಶಾಸ್ತ್ರಕಾರರು ಹೇಳಿದ್ದಾರೆ. ಒಂದು ಪದ ಇನ್ನೊಂದನ್ನು ಬಯಸಬೇಕು. ಅವುಗಳ ಅರ್ಥಗಳು ಹೊಂದಬೇಕು. ಅವು ಹತ್ತಿರ ಹತ್ತಿರ ಬರಬೇಕು. ಚಿತ್ರದ ತುಂಡುಗಳಿಗೂ ಇದೇ ನ್ಯಾಯ. ಅಗಳಿಯ ಮೇಲೆ ಕೈಯಿಟ್ಟ ಚಿತ್ರವು ಒಳಗೇನಿದೆ ಎಂಬ ಬಯಕೆಯನ್ನು ಹುಟ್ಟಿಸುತ್ತದೆ, ಅದು ಆಕಾಂಕ್ಷೆ. ಹೊರಗೆ ಎಡಗೈಯಲ್ಲಿದ್ದ ಕೊಡೆ ಒಳಗೂ ಎಡಗೈಯಲ್ಲಿಯೇ ಇರಬೇಕು, ಅದು ಯೋಗ್ಯತೆ. ಬಯಕೆ ಆರುವುದರೊಳಗೆ ಮುಂದಿನ ಚಿತ್ರ ಬರಬೇಕು, ಅದು ಸನ್ನಿಧಿ. ಇದನ್ನು ಹೇಳಿದಾಗ ಮಗಳು ಬೆರಗಾಗಿ, “ದೊಡ್ಡಪ್ಪಾ, ಇದನ್ನು ಬರೆದುಕೊಡಿರಿ, ನಾಳೆ ತರಗತಿಯಲ್ಲಿ ಹೇಳುತ್ತೇನೆ” ಎಂದಳು.

ಅಷ್ಟರಲ್ಲಿ ತೊಡಕೊಂದು ತಲೆದೋರಿತು. ತಂಗಿಯ ಹೆಗಲಿನ ಮೇಲಿನಿಂದ ಅಕ್ಕನ ಮುಖವನ್ನು ಮೂರು ಸಲ ತೆಗೆದಿದ್ದರು. ಎರಡು ಸಲದ ಅಭಿನಯ ಸಾಧಾರಣ. ಮೂರನೆಯ ಸಲ “ಏನೆಂದು ಬರೆದಿದ್ದಾರೆ?” ಎಂದು ಕೇಳುವಾಗ ಆ ಹುಡುಗಿಯ ಮುಖದಲ್ಲಿ ಆಸೆಯೂ ಭಯವೂ ಒಟ್ಟಿಗೇ ಮೂಡಿ, ಕಂಠ ಒಂದಿಷ್ಟು ಅದುರಿತ್ತು. ಕೋಣೆಯಲ್ಲಿದ್ದವರೆಲ್ಲ ಆಗ ಉಸಿರು ಬಿಗಿಹಿಡಿದಿದ್ದುದು ನಮಗೆ ನೆನಪಿದೆ. ಆದರೆ ಪುಸ್ತಕ ಬರೆಯುವವಳು ಊಟ ತರಲು ಹೋಗಿದ್ದ ಹೊತ್ತು ಅದು. “ಬಂತು” ಎನ್ನುವಾಗ ಚಿತ್ರದ ಮೂಲೆಯಲ್ಲಿ ತಂಗಿಯ ಬಲಗೈ ಮೇಲೆದ್ದು, ಅದರಲ್ಲಿ ಕಾಗದ ಕಾಣುತ್ತಿತ್ತು. ಎದುರಿನ ಚಿತ್ರದಲ್ಲಿ ಕಾಗದ ಎಡಗೈಯಲ್ಲಿ! ಅಕ್ಕನ ಪಾತ್ರದ ಹುಡುಗಿಯು ನಾಲ್ಕು ಗಂಟೆಯ ಬಸ್ಸಿಗೆ ತನ್ನ ಊರಿಗೆ ಹೋಗಿಯಾಗಿತ್ತು. ಮರುದಿನ ಹತ್ತು ಗಂಟೆಗೆ ಚಿತ್ರವನ್ನು ಒಪ್ಪಿಸಬೇಕು.

ನಿಯಮಕ್ಕೆ ಸರಿಯಾದ, ಸಪ್ಪೆಯಾದ ತುಂಡನ್ನು ಇಡಬೇಕೋ, ನಿಯಮ ತಪ್ಪಿದ, ಜೀವವುಳ್ಳ ತುಂಡನ್ನು ಇಡಬೇಕೋ? ಗೆಳತಿಯು ಮೊದಲನೆಯದನ್ನೇ ಇಡು, ಅಂಕ ಹೋದೀತು ಎಂದಳು. ಮಗಳು ಬಹಳ ಹೊತ್ತು ಸುಮ್ಮನಿದ್ದಳು. ವಾಲ್ಟರ್ ಮರ್ಚ್ ಎಂಬ ಅಮೆರಿಕೆಯ ಪ್ರಸಿದ್ಧ ಸಂಕಲನಕಾರನು ತನ್ನ ಗ್ರಂಥದಲ್ಲಿ ಒಂದು ಜೋಡಣೆಯ ಗುಣಗಳಿಗೆ ತೂಕ ಕಟ್ಟಿದ್ದಾನಂತೆ. ನೂರಕ್ಕೆ 51 ಭಾವಕ್ಕೆ, 23 ಕಥೆಗೆ, 10 ಲಯಕ್ಕೆ. ಸ್ಥಳದ ಅನುಸ್ಯೂತಿಗೆ ಕಟ್ಟಕಡೆಯಲ್ಲಿ 4 ಮಾತ್ರ. “ಹಾಗಾದರೆ ಈ ನಾಲ್ಕಕ್ಕಾಗಿ ಇಷ್ಟೇಕೆ ದುಡಿದಿರಿ?” ಎಂದು ಕೇಳಿದೆವು. “ನಾಲ್ಕನ್ನು ಕಲಿಯದೆ ಐವತ್ತೊಂದಕ್ಕೆ ಕೈ ಹಾಕಬಾರದು, ದೊಡ್ಡಪ್ಪಾ. ಬೇಕೆಂದು ಬಿಡುವುದು ಬೇರೆ, ಬಾರದೆ ಬಿಡುವುದು ಬೇರೆ” ಎಂದಳು. ವ್ಯಾಕರಣವನ್ನು ಬಲ್ಲ ಕವಿಯ ಪ್ರಯೋಗಕ್ಕೂ ವ್ಯಾಕರಣವನ್ನೋದದವನ ತಪ್ಪಿಗೂ ಇರುವ ಭೇದವೇ ಇದು. ರಸಕ್ಕೆ ಅಡ್ಡಿಯಾಗುವ ದೋಷ, ಆಗದ ದೋಷ ಎಂಬ ವಿವೇಚನೆಯನ್ನು ಆನಂದವರ್ಧನನೂ ಮಾಡಿದ್ದಾನೆ.

ಅವಳು ದೋಷವನ್ನು ಹಾಗೆಯೇ ಬಿಡಲೂ ಇಲ್ಲ. ಬೆಳಿಗ್ಗೆ, ಬೇಕಾದೀತೆಂದು, ಮೊರದಲ್ಲಿ ಅಕ್ಕಿ ಆರಿಸುವ ಬೆರಳುಗಳನ್ನಷ್ಟೇ ಹತ್ತಿರದಿಂದ ತೆಗೆದಿಟ್ಟಿದ್ದಳು. ತಂಗಿಯ “ಬಂತು” ಎಂಬ ಮಾತನ್ನು ಆ ಬೆರಳುಗಳ ಚಿತ್ರದ ಮೇಲೆ ಕೇಳಿಸಿದಳು. ಮಾತು ಕಿವಿಗೆ ಬಿದ್ದೊಡನೆ ಬೆರಳುಗಳು ನಿಲ್ಲುತ್ತವೆ. ಒಡನೆಯೇ ಅಕ್ಕನ ಮುಖ, ಅದುರುವ ಕಂಠ. ಅಷ್ಟರಲ್ಲಿ ಬಲಗೈ ಚಿತ್ರದ ಅಂಚಿನಿಂದ ಕೆಳಗಿಳಿದಿರುತ್ತದೆ. ದೋಷ ಮರೆಯಾದುದು ಮಾತ್ರವಲ್ಲ, ಆ ನಿಂತ ಬೆರಳುಗಳಿಂದ ಪ್ರಸಂಗದ ಅರ್ಥವೇ ಹೆಚ್ಚಿತು. ಇದನ್ನು ಹೊಂದಿಸುವಾಗ ರಾತ್ರಿ ಒಂದು ಗಂಟೆ. ಅವಳು ಆ ಒಂದೂವರೆ ನಿಮಿಷವನ್ನು ನಲವತ್ತು ಸಲವಾದರೂ ಹಿಂದಕ್ಕೂ ಮುಂದಕ್ಕೂ ಓಡಿಸಿ ನೋಡಿರಬೇಕು.

ಮಾರನೆಯ ದಿನ ಅಧ್ಯಾಪಕರು ಕಾಗದದ ಮಾತೆತ್ತಲಿಲ್ಲ. ಗೋಡೆಯ ಮೇಲೆ ಕಿಟಕಿಯ ಬಿಸಿಲು ಒಂದು ಚಿತ್ರದಲ್ಲಿದ್ದು ಮುಂದಿನದರಲ್ಲಿ ಇಲ್ಲವೆಂಬುದನ್ನು ಮಾತ್ರ ಎತ್ತಿ ತೋರಿಸಿ, ಮಳೆಗಾಲದಲ್ಲಿ ಕಿಟಕಿಗೆ ಪರದೆ ಕಟ್ಟಿಕೊಳ್ಳಬೇಕೆಂದು ಹೇಳಿ, ಬೆರಳುಗಳ ಚಿತ್ರವನ್ನು ಮೆಚ್ಚಿದರಂತೆ. ಮಗಳು ಮೆಚ್ಚುಗೆಗಿಂತ ಮೊದಲು ಪರದೆಯ ಮಾತನ್ನು ಪುಸ್ತಕದಲ್ಲಿ ಬರೆದುಕೊಂಡಿದ್ದಳು. ಅದನ್ನು ಕಂಡಾಗ ನಾವು ಬಂದ ಕಾರ್ಯ ಮುಗಿಯಿತೆಂದುಕೊಂಡೆವು.

ತಮ್ಮನಿಗೆ ಫೋನು ಮಾಡಿ, “ಇದು ವಿದ್ಯೆಯೇ. ಪಾಣಿನಿಯನ್ನು ಓದಿದವರಿಗೆ ಬೇಕಾಗುವ ತಾಳ್ಮೆಯೇ ಇದಕ್ಕೂ ಬೇಕು. ಶುಲ್ಕವನ್ನು ಕಟ್ಟು” ಎಂದೆವು. ಅವನು ಸ್ವಲ್ಪ ತಡೆದು, “ಕಟ್ಟುತ್ತೇನೆ. ಆದರೆ ಉದ್ಯೋಗ ಸಿಕ್ಕುವುದೇ?” ಎಂದನು. ಆ ಪ್ರಶ್ನೆಗೆ ನಾವು ಭರವಸೆಯ ಮಾತನ್ನು ಹೇಳಲಿಲ್ಲ. ಸಂಸ್ಕೃತವನ್ನು ಓದಲು ಹೊರಟಾಗ ನಮ್ಮ ತೀರ್ಥರೂಪರನ್ನೂ ಜನ ಇದನ್ನೇ ಕೇಳಿದ್ದರೆಂದು ಮಾತ್ರ ಜ್ಞಾಪಿಸಿದೆವು.

ಊರಿಗೆ ಹಿಂದಿರುಗುವ ಮುನ್ನ ಭಾಂಡಾರಕರ ಮಂದಿರಕ್ಕೂ ಹೋಗಿ ಬಂದೆವು. ಅಲ್ಲಿ ದುಡಿದ ಪಂಡಿತರಲ್ಲಿ ಎಷ್ಟು ಮಂದಿಯ ಹೆಸರನ್ನು ನಾವು ಬಲ್ಲೆವು? ಮಹಾಭಾರತವನ್ನು ಓದುವವನು ವ್ಯಾಸರನ್ನು ನೆನೆಯುತ್ತಾನೆಯೇ ಹೊರತು, ಎರಡು ಪಾಠಗಳ ನಡುವೆ ತಿಂಗಳುಗಟ್ಟಲೆ ತೂಗಿ ನೋಡಿದವನನ್ನು ನೆನೆಯುವುದಿಲ್ಲ. ಜೋಡಿಸುವವರ ಬಾಳೇ ಅಂಥದು. ಕೆಲಸ ಕೆಟ್ಟರೆ ಎಲ್ಲರಿಗೂ ಕಾಣುತ್ತದೆ. ಚೆನ್ನಾದರೆ ಯಾರಿಗೂ ಕಾಣುವುದಿಲ್ಲ.

ಗೃಹಸ್ಥರಾದ ವಾಚಕರಲ್ಲಿ ನಮ್ಮ ವಿಜ್ಞಾಪನೆಯಿಷ್ಟು. ಮನೆಯ ಮಕ್ಕಳು ಈ ವಿದ್ಯೆಗೆ ಹೋಗುತ್ತೇವೆಂದರೆ ಹಣದ ಲೆಕ್ಕವನ್ನು ಹಾಕಿರಿ, ಶಾಲೆಯ ಯೋಗ್ಯತೆಯನ್ನು ವಿಚಾರಿಸಿರಿ, ಅದರಲ್ಲಿ ತಪ್ಪಿಲ್ಲ. ಆದರೆ ಆಟವೆಂದು ನಗಬೇಡಿರಿ. ಒಂದು ರಾತ್ರಿ ಮಕ್ಕಳೊಡನೆ ಕುಳಿತು ಯಾವುದಾದರೂ ಒಳ್ಳೆಯ ಚಿತ್ರವನ್ನು ನೋಡುವಾಗ, ಹತ್ತು ನಿಮಿಷದಲ್ಲಿ ಎಷ್ಟು ತುಂಡುಗಳಿವೆಯೆಂದು ಎಣಿಸಲು ಯತ್ನಿಸಿರಿ. ಕಥೆಯು ಎಳೆದುಕೊಂಡು ಹೋಗಿ ಎಣಿಕೆ ನಡುವೆಯೇ ಮರೆತುಹೋದರೆ, ಆ ಜೋಡಣೆಯನ್ನು ಮಾಡಿದವನು ಚೆನ್ನಾಗಿ ಕಲಿತವನೆಂದು ತಿಳಿಯಿರಿ.